ಗುಳೇದಗುಡ್ಡದ ಸಭೆಯ ಹಿರಿಯರು

ಬಾದಾಮಿಗೆ ಬಂದವರು ಗುಹಾಲಯಗಳನ್ನು ಏರಿಳಿದು, ಅಗಸ್ತ್ಯತೀರ್ಥದ ದಂಡೆಯಲ್ಲಿ ಕೊಂಚ ಹೊತ್ತು ಕುಳಿತು, ಪಟ್ಟದಕಲ್ಲು ಐಹೊಳೆಗಳ ದಾರಿ ಹಿಡಿಯುವುದು ವಾಡಿಕೆ. ನೆರೆಯ ಗುಳೇದಗುಡ್ಡಕ್ಕೆ ಹೋಗುವವರು ಎರಡೇ ಬಗೆಯ ಜನ: ಅಲ್ಲಿ ನೆಂಟರಿದ್ದವರು, ಇಲ್ಲವೆ ಖಣದ ವ್ಯಾಪಾರಿಗಳು. ನಮ್ಮ ತಂದೆಯವರು ಎರಡನೆಯ ಬಗೆಗೆ ಸೇರಿದವರು. ಇಳಕಲ್ಲಿನಲ್ಲಿ ಅವರದು ಸೀರೆಯ ಅಂಗಡಿ. ಇಳಕಲ್ಲ ಸೀರೆ ಕೊಂಡ ಹೆಣ್ಣುಮಕ್ಕಳು ಕುಪ್ಪಸಕ್ಕೆ ಗುಳೇದಗುಡ್ಡದ ಖಣವನ್ನೇ ಕೇಳುತ್ತಿದ್ದುದರಿಂದ, ವರ್ಷಕ್ಕೆ ನಾಲ್ಕಾರು ಸಲವಾದರೂ ಅವರು ಆ ಊರಿಗೆ ಹೋಗಬೇಕಾಗುತ್ತಿತ್ತು. ರಜೆಯ ದಿನಗಳಲ್ಲಿ ನಾನೂ ಜೊತೆಗೂಡುತ್ತಿದ್ದೆ.

ಅಲ್ಲಿ ನಾವು ಇಳಿದುಕೊಳ್ಳುತ್ತಿದ್ದುದು ಒಬ್ಬ ಕ್ರೈಸ್ತ ನೇಕಾರರ ಮನೆಯಲ್ಲಿ. ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿಸಿಕೊಳ್ಳುವುದನ್ನು ಅವರು ಬಯಸಿದವರಲ್ಲ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಊರವರು ‘ಸಭೆಯ ಹಿರಿಯರು’ ಎನ್ನುತ್ತಿದ್ದರು. ವಾರದ ಆರು ದಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆಯುತ್ತಿದ್ದ ಈ ಮನುಷ್ಯ, ಏಳನೆಯ ದಿನ ಬಿಳಿಯ ಧೋತರ, ಕೋಟು, ರುಮಾಲು ಧರಿಸಿ ದೇವಾಲಯದ ಗಂಟೆಯನ್ನು ತಾನೇ ಬಾರಿಸುತ್ತಿದ್ದ. ಅವರ ಮಗ್ಗದಲ್ಲಿ ಮೂಡುತ್ತಿದ್ದ ಖಣದ ಮೇಲೆ ತೇರು ಇರುತ್ತಿತ್ತು, ಸಿದ್ಧೇಶ್ವರನ ಮುಕುಟವೂ ಇರುತ್ತಿತ್ತು. ಇದರಲ್ಲಿ ಅವರಿಗಾಗಲಿ, ಕೊಳ್ಳುವವರಿಗಾಗಲಿ ವಿಚಿತ್ರವೇನೂ ಕಂಡದ್ದಿಲ್ಲ.

ಈ ಸಭೆ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಗೆ ದುಡಿಯಲು ಬಂದವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಲೂಥರನ ಪಂಥದವರು. ಸಂಸ್ಥೆಯಲ್ಲಿ ರಿಫಾರ್ಮ್ಡ್ ಪಂಥದವರೂ ಇದ್ದರು. ಆ ಭೇದವನ್ನು ಅವರು ಹಡಗು ಹತ್ತಿಸಿಕೊಂಡು ಬರಲಿಲ್ಲ. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಠಾಣ್ಯಗಳು ಬೆಳೆದು, 1851ರಲ್ಲಿ ಗುಳೇದಗುಡ್ಡಕ್ಕೆ ಬಂದವು. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂದೆ ಕಲಾದಗಿ ಜಿಲ್ಲೆಯಾಯಿತು, ಆಮೇಲೆ ವಿಜಾಪುರ ಜಿಲ್ಲೆ. 1997ರಿಂದ ಬಾಗಲಕೋಟೆ ಜಿಲ್ಲೆ. ಕಚೇರಿಗಳಲ್ಲೂ ಶಾಲೆಗಳಲ್ಲೂ ಮರಾಠಿಯ ಮೆರೆದಾಟವಿದ್ದ ಕಾಲದಲ್ಲಿ ಈ ಪರದೇಶಿಗಳು ಪ್ರಾರ್ಥನೆಗೂ ಪಾಠಕ್ಕೂ ಕನ್ನಡವನ್ನೇ ಹಿಡಿದರು. ಅದು ಕನ್ನಡದ ಮೇಲಣ ಅಭಿಮಾನದಿಂದಲೇ ಎಂದು ನಾನು ಹೇಳಲಾರೆ. ಜನರ ಎದೆಗೆ ಹೋಗುವ ದಾರಿ ಜನರ ಮಾತೇ ಎಂಬುದು ಲೂಥರನಿಂದ ಅವರಿಗೆ ಬಂದ ಪಾಠ. ಆದರೆ ಮೋಗ್ಲಿಂಗರಂಥವರಲ್ಲಿ, 1853ರಲ್ಲಿ ಬಂದ ಕಿಟ್ಟೆಲರಲ್ಲಿ, ಸಾಧನವಾಗಿ ಹಿಡಿದ ಭಾಷೆ ಸಾಧ್ಯವೇ ಆಗಿಹೋಯಿತೆಂಬುದಕ್ಕೆ 1894ರ ನಿಘಂಟೇ ಸಾಕ್ಷಿಯಾಗಿದೆ.

ನಮ್ಮ ಕಡೆ ಒಂದು ಕುಹಕದ ಮಾತುಂಟು: ಇವರೆಲ್ಲ ಬರಗಾಲದಲ್ಲಿ ಗಂಜಿಗಾಗಿ ಕ್ರಿಸ್ತರಾದವರು ಎಂದು. ಕಾಕಾ ಅವರ ಎದುರಿಗೇ ಈ ಮಾತನ್ನು ಒಬ್ಬರು ಆಡಿದ್ದನ್ನು ನಾನು ಕೇಳಿದ್ದೇನೆ. ಅವರು ತಲೆ ಎತ್ತದೆ ನೂಲಿನ ಎಳೆ ಗಂಟುಹಾಕುತ್ತಲೇ ಇದ್ದರು. ಇತಿಹಾಸ ಓದಿದ ಮೇಲೆ ಅವರ ಪರವಾಗಿ ಉತ್ತರ ಹೇಳಬೇಕೆಂದು ನನಗೆ ಅನಿಸುತ್ತ ಬಂದಿದೆ. ಧಾತು-ಈಶ್ವರ ಸಂವತ್ಸರಗಳ ಆ ಘೋರ ಬರ ಬಿದ್ದದ್ದು 1876ರಿಂದ 1878ರವರೆಗೆ. ಕಲಾದಗಿ ಜಿಲ್ಲೆ ಅದರ ಬಾಯಿಗೆ ಸಿಕ್ಕು ನುಚ್ಚುನೂರಾಯಿತು. 1872ರ ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು. ಮಿಶನ್ನಿನವರು ಗಂಜಿ ಹಾಕಿದ್ದು ನಿಜ. ತಾಯಿತಂದೆ ಸತ್ತ ಮಕ್ಕಳನ್ನು ತಮ್ಮ ಅನಾಥಾಲಯಗಳಿಗೆ ಸೇರಿಸಿಕೊಂಡದ್ದೂ, ಆ ಮಕ್ಕಳು ಕ್ರೈಸ್ತರಾಗಿ ಬೆಳೆದದ್ದೂ ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗುಳೇದಗುಡ್ಡದ ಸಭೆ ಆ ಬರಕ್ಕಿಂತ ಇಪ್ಪತ್ತೈದು ವರ್ಷ ಹಿರಿದು. ಮೊದಲು ಬಂದವರಿಗೆ ಸಿಕ್ಕದ್ದು ಗಂಜಿಯಲ್ಲ, ಬಹಿಷ್ಕಾರ. ಕುಲ ಬಿಟ್ಟ ನೇಕಾರನಿಗೆ ನೂಲು ಕಡ ಕೊಡುವವರಾರು, ನೆಯ್ದದ್ದನ್ನು ಕೊಳ್ಳುವವರಾರು, ಮಗಳನ್ನು ತಂದುಕೊಳ್ಳುವವರಾರು? ಇಷ್ಟಾಗಿ ಒಳಗೆ ಹೋದ ಮೇಲೆ ಅಲ್ಲಿಯ ಕಟ್ಟಳೆಯೂ ಸುಲಭದ್ದಲ್ಲ. ಜಾತಿಯ ವಿಷಯದಲ್ಲಿ ಬಾಸೆಲ್ ಮಿಶನ್ನಿನವರು ಬಲು ಕಟ್ಟುನಿಟ್ಟು. ಬೇರೆಬೇರೆ ಕುಲಗಳಿಂದ ಬಂದವರು ಒಂದೇ ಮೇಜಿನ ಮುಂದೆ ನಿಂತು ಒಂದೇ ಪಾತ್ರೆಯಿಂದ ಕುಡಿಯಬೇಕು. ಗಂಜಿಗಾಗಿ ಬಂದವನು ಒಂದು ಸುಗ್ಗಿ ಬಂದೊಡನೆ ಮನೆಗೆ ಮರಳುತ್ತಿದ್ದ. ಇವರು ಮರಳಲಿಲ್ಲ.

1914ರಲ್ಲಿ ಮಹಾಯುದ್ಧ ಮೊದಲಾದಾಗ ಸಭೆಗೆ ಇನ್ನೊಂದು ಪರೀಕ್ಷೆ ಬಂತು. ಜರ್ಮನ್ ಪಾದ್ರಿಗಳು ಇಂಗ್ಲಿಷ್ ಸರಕಾರದ ಕಣ್ಣಿಗೆ ವೈರಿಗಳಾದರು. ಅವರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು, ಮುಂದೆ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಊರಿಗೆ ಸಾಗಹಾಕಿದರು. ಆಗ ಕಾಕಾ ಹತ್ತು ವರ್ಷದ ಹುಡುಗ. ಮಿಶನ್ ಬಂಗಲೆಗೆ ಬೀಗ ಬಿದ್ದದ್ದು ಅವರಿಗೆ ನೆನಪಿತ್ತು. ‘ಇನ್ನ ಗುಡಿ ಮುಚ್ಚತಾರ ಅಂತ ಊರೆಲ್ಲ ಆಡಿಕೊಂಡಿತ್ತು ತಮ್ಮಾ. ಆ ಐತವಾರ ನಮ್ಮಪ್ಪ ಹೋಗಿ ಗಂಟಿ ಬಾರಿಸಿದ’ ಎಂದು ಒಮ್ಮೆ ಹೇಳಿದ್ದರು. ಅಂದಿನಿಂದ ಗಂಟೆಯ ಹಗ್ಗ ಆ ಮನೆಯವರ ಕೈಯಲ್ಲಿ ಉಳಿಯಿತು. ಸಂಬಳವಿಲ್ಲ, ಹುದ್ದೆಯಿಲ್ಲ. ಮಿಶನ್ನಿನ ಚರಿತ್ರೆ ಬರೆದವರು ಪಾದ್ರಿಗಳ ಹೆಸರುಗಳನ್ನೂ ಅವರು ಬಂದುಹೋದ ವರ್ಷಗಳನ್ನೂ ತಪ್ಪದೆ ಕೊಡುತ್ತಾರೆ. ಪಾದ್ರಿಗಳಿಲ್ಲದ ವರ್ಷಗಳಲ್ಲಿ ದೀಪ ಹಚ್ಚಿದವರ ಹೆಸರು ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಡೆದ ಒಂದು ಸಂಗತಿ. ಅವರ ಪಡಸಾಲೆಯ ಗೂಡಿನಲ್ಲಿ ಮೂರು ಪುಸ್ತಕಗಳಿರುತ್ತಿದ್ದವು. ಒಂದು ಸತ್ಯವೇದ, ಇನ್ನೊಂದು ಗೀತಪುಸ್ತಕ. ಮೂರನೆಯದರ ರಟ್ಟು ಕಿತ್ತುಹೋಗಿ, ಖಣದ ಬಟ್ಟೆಯಿಂದ ಅದಕ್ಕೆ ಹೊದಿಕೆ ಹಾಕಿದ್ದರು. ತೆಗೆದು ನೋಡಿದರೆ ಸರ್ವಜ್ಞನ ವಚನಗಳು! ನನ್ನದು ತಿಳಿಯದ ವಯಸ್ಸು. ಇಳಕಲ್ಲಿನ ಮಹಾಂತಪ್ಪನ ಮಠದ ನೆರಳಿನಲ್ಲಿ ಬೆಳೆದವನೆಂಬ ಹಮ್ಮು ಬೇರೆ. ‘ಕಾಕಾ, ನೀವು ಕ್ರಿಸ್ತರು. ನಮ್ಮ ಸರ್ವಜ್ಞ ನಿಮಗ್ಯಾಕ?’ ಎಂದುಬಿಟ್ಟೆ. ನಮ್ಮ ತಂದೆಯವರ ಮುಖ ಕೆಂಪಾಯಿತು. ಕಾಕಾ ಮಾತ್ರ ಲಾಳಿ ನಿಲ್ಲಿಸಿ, ‘ಕೂಡಿಸಿದವರು ಯಾರಂತ ಮೊದಲನೇ ಹಾಳಿ ತಗದು ಓದು’ ಎಂದರು. ಓದಿದೆ. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು.

ಆ ಹೆಸರನ್ನು ನಾನು ಮೊದಲು ಕಂಡದ್ದು ಹಾಗೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಮಿಶನ್ ಸೆಮಿನರಿಯಲ್ಲಿ ಓದಿ, ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬಾಳೆಲ್ಲ ಸೇವೆ ಸಲ್ಲಿಸಿದ ಈ ಬೋಧಕರು, ಊರೂರು ಅಲೆದು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಹೆಕ್ಕಿ, ಸುಮಾರು ಎರಡು ಸಾವಿರವನ್ನು 1924ರಲ್ಲಿ ಪ್ರಕಟಿಸಿದರು. ವಿಜಾಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬೆಳಕು ಕಂಡು ಆಗ ಒಂದೇ ವರ್ಷವಾಗಿತ್ತು. ತಮ್ಮನ್ನು ತಾವು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡವರು ಅವರು. ಕನ್ನಡನಾಡು ಹೈದರಾಬಾದ್ ಸಂಸ್ಥಾನದ ವಿಲೀನದ ಮರುವರ್ಷ, 1949ರಲ್ಲಿ, ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠಕ್ಕೆ ಆ ತಿರುಕನನ್ನು ಏರಿಸಿತು. 1962ರಲ್ಲಿ ತೀರಿಕೊಂಡರು.

ಗೌರವ ಬಂದದ್ದು ಕೊನೆಗೆ. ಅದಕ್ಕೆ ಮೊದಲು ಎರಡೂ ಕಡೆಯ ಸಂಶಯ ಅವರ ಪಾಲಿಗಿತ್ತು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಗ್ರಂಥದಲ್ಲಿ ಅವರು, ಹಿಂದೂಗಳ ಪಾಲಿಗೆ ಅವರ ಧರ್ಮಗ್ರಂಥಗಳೇ ಹಳೆಯ ಒಡಂಬಡಿಕೆಯಾಗಬಹುದೆಂಬ ವಿಚಾರ ಮುಂದಿಟ್ಟಾಗ ಸಭೆಯವರಲ್ಲಿ ಹಲವರು ಹುಬ್ಬು ಗಂಟಿಕ್ಕಿದರು. ಬಸವೇಶ್ವರನನ್ನು ಕುರಿತು, ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದಾಗ, ಪಾದ್ರಿಗೆ ಇದೇಕೆ, ಒಳಗೇನೋ ಹುನ್ನಾರವಿರಬೇಕು ಎಂದವರು ಹೊರಗಿದ್ದರು. ನನ್ನ ಹುಡುಗಾಟದ ಪ್ರಶ್ನೆಯೂ ಅದೇ ಜಾತಿಯದಲ್ಲವೆ! ಕೂಡಲಸಂಗಮ ಇರುವುದು ನಮ್ಮ ಹುನಗುಂದ ತಾಲೂಕಿನಲ್ಲಿ. ಸಂಗಮನಾಥನ ಸನ್ನಿಧಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ನಾವು ಅನುಭವ ಮಂಟಪವಿತ್ತೋ ಇಲ್ಲವೋ ಎಂಬ ವಾದಕ್ಕೆ ತಲೆಕೆಡಿಸಿಕೊಂಡವರಲ್ಲ. ಇತ್ತು ಎಂದು ಸಾಧಿಸಲು ವರ್ಷಗಟ್ಟಲೆ ಬೆವರು ಸುರಿಸಿದವರು ಇಗರ್ಜಿಯ ಬೋಧಕರು. ಅವರು ಸಭೆಯನ್ನು ಬಿಡಲಿಲ್ಲ, ವಚನವನ್ನೂ ಬಿಡಲಿಲ್ಲ. ಯಾವುದಾದರೊಂದನ್ನು ಬಿಟ್ಟಿದ್ದರೆ ಅವರ ಬಾಳು ಎಷ್ಟೋ ಹಗುರಾಗುತ್ತಿತ್ತು.

ಗುಳೇದಗುಡ್ಡದ ಕಾಕಾ ಪಂಡಿತರಲ್ಲ, ಗ್ರಂಥಕರ್ತರಲ್ಲ. ನಾಲ್ಕನೆಯ ಇಯತ್ತೆ ಮಿಶನ್ ಶಾಲೆಯಲ್ಲಿ ಮುಗಿಸಿದವರು. ಲೂಥರನ ಸಣ್ಣ ಪ್ರಶ್ನೋತ್ತರಿ ಬಾಯಿಪಾಠವಿತ್ತು. ಸಂಜೆ ಮಗ್ಗದಿಂದೆದ್ದ ಮೇಲೆ ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದರು. ಓಣಿಯಲ್ಲಿ ಯಾರಿಗಾದರೂ ದೊಡ್ಡ ಜಡ್ಡಾದರೆ ಚಕ್ಕಡಿ ಹೂಡಿಸಿ ಗುಳೇದಗುಡ್ಡ ರೋಡ್ ಸ್ಟೇಶನ್ನಿಗೆ ಕರೆದೊಯ್ದು, ರೈಲು ಹತ್ತಿಸಿ, ಬೆಟಗೇರಿಯ ಜರ್ಮನ್ ಆಸ್ಪತ್ರೆಯ ಬಾಗಿಲವರೆಗೆ ತಾವೇ ಮುಟ್ಟಿಸಿ ಬರುತ್ತಿದ್ದರು. ಆ ದಿನದ ನೇಯ್ಗೆ ಹೋಯಿತು, ಕೂಲಿಯೂ ಹೋಯಿತು. ಜಡ್ಡಿನವರು ಸಭೆಯವರೇ ಆಗಿರಬೇಕೆಂಬ ನಿಯಮವೇನೂ ಇರಲಿಲ್ಲ. ಇವರ ತಂದೆಗೆ ನೂಲು ಕೊಡಲು ನಿರಾಕರಿಸಿದ್ದ ಮನೆಯ ಮುದುಕಿಯನ್ನೂ ಹಾಗೆಯೇ ಕರೆದೊಯ್ದಿದ್ದರೆಂದು ತಂದೆಯವರು ಹೇಳುತ್ತಿದ್ದರು.

1947ರಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿದಾಗ ಮುಂಬಯಿ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ಅದರೊಳಗೆ ಸೇರಿರಲಿಲ್ಲ. 1968ರಲ್ಲಿ ಸೇರಿದವು. ಫಲಕ ಬದಲಾಯಿತು. ಹೊಸ ಹೆಸರು ಹೇಗನ್ನಿಸುತ್ತದೆಂದು ನಾನು ಕೇಳಿದೆ. ‘ಗಂಟಿ ಅದs ಐತಲ್ಲ’ ಎಂದರು.

ಅವರು ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ತಡವಾಗಿ. ನಾನು ಹೋದಾಗ ಅವರ ಮಗ ಒಂದು ಉದ್ದನೆಯ ಲೆಕ್ಕದ ವಹಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದ. ಸಭೆಯ ಕಾಣಿಕೆಯ ಲೆಕ್ಕ ಮೊದಲರ್ಧದಲ್ಲಿ. ಪೈಸೆ ಪೈಸೆಗೂ ಹೆಸರು, ತಾರೀಖು, ಸಹಿ. ಕೊನೆಯರ್ಧ ಅವರ ಸ್ವಂತದ ಕೈಗಡದ ಲೆಕ್ಕ. ಅಲ್ಲಿ ಹನ್ನೆರಡು ರೂಪಾಯಿ, ಏಳು ರೂಪಾಯಿ, ಒಂದು ಹೊರೆ ನೂಲು ಎಂದು ಪುಟಗಟ್ಟಲೆ ಬರೆದಿತ್ತು. ಕೊಂಡವರ ಹೆಸರಿನ ಕಂತೆಯಲ್ಲಿ ಒಂದೂ ಹೆಸರಿರಲಿಲ್ಲ. ‘ಯಾರ ಕಡೆ ಕೇಳೂದು, ನೀವ ಹೇಳ್ರಿ’ ಎಂದು ಮಗ ನನ್ನ ಮುಖ ನೋಡಿದ.