ರಾಜೀನಾಮೆ ಕೊಟ್ಟ ಮೇಲೆ

ನಮ್ಮೂರಿನ ಮಹಿಳಾ ಸಂಘವೊಂದರಲ್ಲಿ ನಾಳೆ ಲೆಕ್ಕ ಒಪ್ಪಿಸಬೇಕು ಎನ್ನುವಾಗ ಖಜಾಂಚಿ ರಾಜೀನಾಮೆ ಕೊಟ್ಟರು. "ಈಗ ನಾನು ಖಜಾಂಚಿಯೇ ಅಲ್ಲವಲ್ಲ, ನನ್ನನ್ನೇನು ಕೇಳ್ತೀರಿ?" ಎಂದರು. ಕೆಲವರು ಹೌದಲ್ಲ ಎಂದು ತಲೆಯಾಡಿಸಿದರು. ನನಗೆ ಅಮೆರಿಕದ ಯುದ್ಧಮಂತ್ರಿ ವಿಲಿಯಂ ಬೆಲ್ಕ್‌ನಾಪ್ ನೆನಪಾದ.

1876ರ ಮಾರ್ಚ್ 2ರ ಬೆಳಿಗ್ಗೆ ಈತ ಅವಸರದಿಂದ ಅಧ್ಯಕ್ಷ ಗ್ರಾಂಟರ ಬಳಿ ಹೋಗಿ ರಾಜೀನಾಮೆ ಕೊಟ್ಟ. ಆದರೂ ಅದೇ ದಿನ ಪ್ರತಿನಿಧಿ ಸಭೆ ಒಮ್ಮತದಿಂದ ಅವನಿಗೆ ವಾಗ್ದಂಡನೆ ವಿಧಿಸಿತು. ತನಿಖಾ ಸಮಿತಿಯ ಅಧ್ಯಕ್ಷ ಕ್ಲೈಮರ್ ಕಾಲೇಜಿನಲ್ಲಿ ಬೆಲ್ಕ್‌ನಾಪನ ಜೊತೆ ಒಂದೇ ಕೋಣೆಯಲ್ಲಿದ್ದವನು!

ಆಗಿದ್ದಿಷ್ಟು. ಫೋರ್ಟ್ ಸಿಲ್ ಎಂಬ ಗಡಿಕೋಟೆಯಲ್ಲಿ ಸೈನಿಕರಿಗೆ ಸಾಮಾನು ಮಾರುವ ಅಂಗಡಿಯ ಪರವಾನಗಿ ಕೊಡುವುದು ಮಂತ್ರಿಯ ಕೈಯಲ್ಲಿತ್ತು. 1870ರಲ್ಲಿ ಮಂತ್ರಿಯ ಹೆಂಡತಿ ಕ್ಯಾರಿಟಾ ಅದನ್ನು ಮಾರ್ಷ್ ಎಂಬ ಪರಿಚಿತನಿಗೆ ಕೊಡಿಸಿದಳು. ಮಾರ್ಷ್ ಅಂಗಡಿ ಇಡಲಿಲ್ಲ. ಅಲ್ಲಿ ಮೊದಲೇ ಇದ್ದ ವ್ಯಾಪಾರಿಯಿಂದ ವರ್ಷಕ್ಕೆ 12,000 ಡಾಲರ್ ಪಡೆದು, ಅರ್ಧವನ್ನು ಕಂತುಕಂತಾಗಿ ಮಂತ್ರಿಯ ಮನೆಗೆ ಕಳಿಸತೊಡಗಿದ. ವ್ಯಾಪಾರಿ ಅದನ್ನು ಸಿಪಾಯಿಗಳ ಜೇಬಿನಿಂದ ವಸೂಲು ಮಾಡಿಕೊಂಡ. ಕ್ಯಾರಿಟಾ ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡಳು. ಹಣ ಬರುವುದು ನಿಲ್ಲಲಿಲ್ಲ. ಆಮೇಲೆ ಅವಳ ಸೋದರಿ ಅಮಾಂಡಾ ಮಂತ್ರಿಯ ಕೈಹಿಡಿದಳು. ಇದೆಲ್ಲ ಹೆಂಗಸರ ಕೆಲಸ, ಪಾಪ ಆತನಿಗೇನು ಗೊತ್ತು ಎಂದು ಅವನ ಕಡೆಯವರು ಅಂದರು. ಸತ್ತವಳು ಎದ್ದು ಬಂದು ಉತ್ತರ ಕೊಡುವುದಿಲ್ಲ ನೋಡಿ.

ಸೆನೆಟ್ಟಿನಲ್ಲಿ ಜಗಳ ನಡೆದದ್ದು ಲಂಚದ ಬಗ್ಗೆ ಅಲ್ಲ, ಮಾತಿನ ಅರ್ಥದ ಬಗ್ಗೆ. ಅಧ್ಯಕ್ಷ, ಉಪಾಧ್ಯಕ್ಷ ಮತ್ತು ನಾಗರಿಕ ಅಧಿಕಾರಿಗಳನ್ನು ತಪ್ಪು ಸಾಬೀತಾದರೆ ತೆಗೆದುಹಾಕಬೇಕು ಎನ್ನುತ್ತದೆ ಅವರ ಸಂವಿಧಾನ. ಇಳಿದುಹೋದವನು ಅಧಿಕಾರಿ ಹೇಗಾದಾನು ಎಂದು ಒಂದು ಪಕ್ಷ. ಇನ್ನೊಂದು ಪಕ್ಷ ಬೇರೆ ವಾಕ್ಯದತ್ತ ಬೊಟ್ಟು ಮಾಡಿತು: ಮುಂದೆ ಯಾವ ಹುದ್ದೆಯೂ ಸಿಗದಂತೆ ಮಾಡುವ ಶಿಕ್ಷೆಯೂ ಅಲ್ಲಿದೆ. ಒಂದು ಚೀಟಿ ಬರೆದುಕೊಟ್ಟರೆ ಅದರಿಂದ ಪಾರಾಗಬಹುದೇ? ನನಗೆ ಈ ವಾದವೇ ಸರಿಯೆನಿಸುತ್ತದೆ. ಆ ಸಂವಿಧಾನ ಬರೆದ 1787ರಲ್ಲೇ ಇಂಗ್ಲೆಂಡಿನ ಪಾರ್ಲಿಮೆಂಟು ವಾರನ್ ಹೇಸ್ಟಿಂಗ್ಸನಿಗೆ ವಾಗ್ದಂಡನೆ ವಿಧಿಸಿತ್ತು. ಅವಧದ ಬೇಗಮರ ಸಂಪತ್ತು ಕಸಿದದ್ದು ಅವನ ಮೇಲಿನ ಆರೋಪಗಳಲ್ಲೊಂದು. ಅವನು ಬಂಗಾಳದ ಅಧಿಕಾರ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಫಿಲಡೆಲ್ಫಿಯಾದ ಚರ್ಚೆಯಲ್ಲಿ ಜಾರ್ಜ್ ಮೇಸನ್ ಅವನ ಹೆಸರನ್ನೇ ಎತ್ತಿದ್ದ.

ವಿಚಾರಿಸುವ ಅಧಿಕಾರ ತನಗಿದೆಯೆಂದು ಸೆನೆಟ್ 37–29 ಮತಗಳಿಂದ ತೀರ್ಮಾನಿಸಿತು. ಸೋತವರು ಸುಮ್ಮನಿರಲಿಲ್ಲ. ಆಗಸ್ಟಿನಲ್ಲಿ ತೀರ್ಪಿನ ಮತ ಹಾಕುವಾಗ ನಿರ್ದೋಷಿ ಎಂದ 25 ಮಂದಿಯಲ್ಲಿ ಬಹುಪಾಲು ಜನ, ನಮಗೆ ವಿಚಾರಿಸುವ ಅಧಿಕಾರವೇ ಇಲ್ಲ ಎಂಬ ಕಾರಣ ಕೊಟ್ಟರು. ಮೂರನೇ ಎರಡರಷ್ಟು ಮತ ಸಿಗದೆ ಬೆಲ್ಕ್‌ನಾಪ್ ಪಾರಾದ. 2021ರಲ್ಲಿ ಅಧಿಕಾರದಿಂದಿಳಿದ ಟ್ರಂಪರ ವಿಚಾರಣೆಯಲ್ಲೂ ಹೀಗೇ ಆಯಿತು: ವಿಚಾರಿಸಬಹುದು ಎಂದವರು 56, ತಪ್ಪಿತಸ್ಥ ಎಂದವರು 57. ಬೇಕಿದ್ದದ್ದು 67.

ನಮ್ಮ ಸಂವಿಧಾನದಲ್ಲಿ ನ್ಯಾಯಾಧೀಶರಿಗೆ ಈ ದಾರಿಯಲ್ಲಿ ಇರುವ ಶಿಕ್ಷೆ ಪದಚ್ಯುತಿ ಒಂದೇ. 2011ರಲ್ಲಿ ಕಲ್ಕತ್ತ ಹೈಕೋರ್ಟಿನ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ಮತ ಹಾಕಿತು. ಲೋಕಸಭೆಯ ಸರದಿ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು, ನಿರ್ಣಯ ಅಲ್ಲಿಗೇ ನಿಂತಿತು.

ಬೆಲ್ಕ್‌ನಾಪ್ ಆಮೇಲೆ ವಕೀಲಿ ಮಾಡಿಕೊಂಡಿದ್ದ. 1890ರಲ್ಲಿ ಸತ್ತಾಗ ಅವನನ್ನು ಆರ್ಲಿಂಗ್‌ಟನ್‌ನ ಸೈನಿಕರ ಸ್ಮಶಾನದಲ್ಲಿ, ಸಿಪಾಯಿಗಳ ನಡುವೆಯೇ ಮಣ್ಣು ಮಾಡಿದರು.