.22 ರಿಮ್‌ಫೈರ್ ಟಾರ್ಗೆಟ್ ಪಿಸ್ತೂಲಿನಲ್ಲಿ ಕಾಡತೂಸು ಸಿಕ್ಕಿಕೊಳ್ಳುವ ದೋಷ: ಪರವಾನಗಿದಾರರ ಗಮನಕ್ಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ (ಇವುಗಳಿಂದ ಬೇರ್ಪಟ್ಟ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳೂ ಸೇರಿ) ವಾಸಿಸುವ, ಗುರಿ ಅಭ್ಯಾಸಕ್ಕಾಗಿ .22 ಪಿಸ್ತೂಲಿನ ಪರವಾನಗಿ ಹೊಂದಿರುವ ಅಥವಾ ಅರ್ಜಿ ಸಲ್ಲಿಸಲಿರುವ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕಾಡತೂಸು ಸಿಕ್ಕಿಕೊಳ್ಳುವ ದೋಷಗಳಲ್ಲಿ ಹೆಚ್ಚಿನವು ಮ್ಯಾಗಜೀನ್, ಕೊಳೆ ಅಥವಾ ಕಾಡತೂಸಿನಿಂದ ಉಂಟಾಗುವಂತಹವು. ಇವುಗಳನ್ನು ಪರವಾನಗಿದಾರರೇ ಸರಿಪಡಿಸಿಕೊಳ್ಳಬಹುದು. ಉಳಿದವುಗಳನ್ನು ಪರವಾನಗಿ ಪಡೆದ ದುರಸ್ತಿಗಾರರಿಗೆ ಒಪ್ಪಿಸತಕ್ಕದ್ದು.

1. ಮೊದಲು ಪಾಲಿಸಬೇಕಾದ ಸುರಕ್ಷತಾ ಕ್ರಮ

ಅ) ನಳಿಕೆಯನ್ನು ಗುರಿಫಲಕದ ದಿಕ್ಕಿನಲ್ಲಿಯೇ ಹಿಡಿದು, ಬೆರಳನ್ನು ಕುದುರೆಯಿಂದ ಹೊರಗಿಡಬೇಕು.
ಆ) ಕುದುರೆ ಎಳೆದರೂ ಗುಂಡು ಹಾರದಿದ್ದಲ್ಲಿ ಕನಿಷ್ಠ 30 ಸೆಕೆಂಡು ಹಾಗೆಯೇ ಕಾಯಬೇಕು. ಮದ್ದು ತಡವಾಗಿ ಹತ್ತಿಕೊಳ್ಳುವ ಸಂಭವವಿರುತ್ತದೆ.
ಇ) ಬಳಿಕ ಮ್ಯಾಗಜೀನ್ ಹೊರತೆಗೆದು, ಸ್ಲೈಡನ್ನು ಹಿಂದಕ್ಕೆ ಎಳೆದು, ಚೇಂಬರ್ ಖಾಲಿಯಾಗಿರುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.
ಈ) ಸದ್ದು ಕ್ಷೀಣವಾಗಿ ಕೇಳಿಸಿದಲ್ಲಿ ಗುಂಡು ನಳಿಕೆಯಲ್ಲೇ ಉಳಿದಿರಬಹುದು. ಅದನ್ನು ಪರೀಕ್ಷಿಸದೆ ಮತ್ತೊಂದು ಗುಂಡನ್ನು ಹಾರಿಸಕೂಡದು. ಹಾರಿಸಿದಲ್ಲಿ ನಳಿಕೆ ಸಿಡಿಯುವ ಅಪಾಯವಿದೆ.
ಉ) ಸಿಕ್ಕಿಕೊಂಡ ಕಾಡತೂಸನ್ನು ಚಾಕು, ಮೊಳೆ ಇತ್ಯಾದಿಗಳಿಂದ ಮೀಟಬಾರದು. ರಿಮ್‌ಫೈರ್ ಕಾಡತೂಸಿನಲ್ಲಿ ಸಿಡಿಮದ್ದು ತಳದ ಅಂಚಿನೊಳಗೇ ಇರುವುದರಿಂದ ಅಂಚಿಗೆ ಬೀಳುವ ಪೆಟ್ಟು ಅದನ್ನು ಸಿಡಿಸಬಲ್ಲದು.

2. ಸಾಮಾನ್ಯ ಕಾರಣಗಳು

ಮ್ಯಾಗಜೀನ್: ಕಾಡತೂಸಿನ ತಳದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರುವಂತೆ ತುಂಬಬೇಕು. ಹಿಂದೆ ಬಿದ್ದಲ್ಲಿ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಮುಂದೆ ಸಾಗುವುದಿಲ್ಲ. ಮ್ಯಾಗಜೀನಿನ ತುಟಿಗಳು ಬಾಗಿರುವುದು, ಸ್ಪ್ರಿಂಗ್ ಸಡಿಲವಾಗಿರುವುದು ಮತ್ತು ಮ್ಯಾಗಜೀನ್ ಪೂರ್ಣವಾಗಿ ಕೂರದಿರುವುದು ಇತರ ಕಾರಣಗಳು.

ಕೊಳೆ: ಈ ಕಾಡತೂಸಿನ ಸೀಸದ ಗುಂಡಿಗೆ ಸಾಮಾನ್ಯವಾಗಿ ಮೇಣ ಅಥವಾ ಜಿಡ್ಡನ್ನು ಲೇಪಿಸಿರುತ್ತಾರೆ. ಅದು ಮದ್ದಿನ ಮಸಿಯೊಂದಿಗೆ ಬೆರೆತು ಚೇಂಬರಿನ ಬಾಯಲ್ಲಿ ಗಟ್ಟಿಯಾಗುತ್ತದೆ. ಎರೆಭೂಮಿಯ ಧೂಳು ಹೆಚ್ಚಾಗಿರುವ ಈ ಭಾಗದಲ್ಲಿ ಅಗತ್ಯಕ್ಕಿಂತ ಹೆಚ್ಚು ಎಣ್ಣೆ ಹಾಕಿದಲ್ಲಿ ಧೂಳು ಅಂಟಿಕೊಂಡು ದೋಷ ಹೆಚ್ಚುತ್ತದೆ.

ಕಾಡತೂಸು: ಸ್ಲೈಡ್ ಹಿಂದಕ್ಕೆ ಸರಿಯುವುದು ಗುಂಡು ಹಾರಿದ ಬಲದಿಂದಲೇ. ಕಾಡತೂಸು ದುರ್ಬಲವಾಗಿದ್ದಲ್ಲಿ ಸ್ಲೈಡ್ ಪೂರ್ಣವಾಗಿ ಹಿಂದೆ ಸರಿಯದೆ, ಖಾಲಿ ಕವಚ ಹೊರಬೀಳದೆ ಅಥವಾ ಮುಂದಿನ ಕಾಡತೂಸು ಮೇಲೇರದೆ ನಿಲ್ಲುತ್ತದೆ. ಅತಿವೇಗದ ಕಾಡತೂಸು ಟಾರ್ಗೆಟ್ ಪಿಸ್ತೂಲಿಗೆ ಹಾನಿ ಮಾಡಬಹುದು. ತಯಾರಕರು ಸೂಚಿಸಿದ ಬಗೆಯನ್ನೇ ಬಳಸತಕ್ಕದ್ದು.

ಚೇಂಬರ್: ಖಾಲಿ ಪಿಸ್ತೂಲಿನ ಕುದುರೆಯನ್ನು ಪದೇ ಪದೇ ಎಳೆದಲ್ಲಿ ಕೆಲವು ಮಾದರಿಗಳಲ್ಲಿ ಸೂಜಿಯು ಚೇಂಬರಿನ ಅಂಚಿಗೆ ಬಡಿದು ಲೋಹ ಒಳಬಾಗುತ್ತದೆ. ಇದನ್ನು ಸ್ವತಃ ಅರದಿಂದ ಉಜ್ಜಿ ಸರಿಪಡಿಸಲು ಯತ್ನಿಸಬಾರದು.

3. ದೋಷವನ್ನು ಪತ್ತೆ ಹಚ್ಚುವ ಕ್ರಮ

ಪಿಸ್ತೂಲನ್ನು ಸ್ವಚ್ಛಗೊಳಿಸಿದ ನಂತರವೂ ದೋಷ ಉಳಿದಲ್ಲಿ, ಅಧಿಕೃತ ರೇಂಜಿನಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಪ್ರತಿ ಮ್ಯಾಗಜೀನಿಗೆ ಸಂಖ್ಯೆ ಬರೆದಿಡುವುದು ಸೂಕ್ತ.

ಅ) ಒಂದೇ ಮ್ಯಾಗಜೀನಿನಲ್ಲಿ ದೋಷ ಕಂಡುಬಂದರೆ ಅದನ್ನು ಬದಲಿಸುವುದು.
ಆ) ಒಂದೇ ಬಗೆಯ ಕಾಡತೂಸಿನಲ್ಲಿ ಕಂಡುಬಂದರೆ ಅದರ ಬಳಕೆ ನಿಲ್ಲಿಸುವುದು.
ಇ) ಎಲ್ಲದರಲ್ಲಿಯೂ ಕಂಡುಬಂದರೆ ದೋಷ ಪಿಸ್ತೂಲಿನಲ್ಲಿದೆ ಎಂದು ತಿಳಿದು ದುರಸ್ತಿಗೆ ಒಪ್ಪಿಸುವುದು.

4. ದುರಸ್ತಿ ಮತ್ತು ಕಾನೂನು

ಆಯುಧಗಳ ಅಧಿನಿಯಮ, 1959ರ ಕಲಂ 5ರ ಪ್ರಕಾರ ಬಂದೂಕು, ಪಿಸ್ತೂಲುಗಳ ದುರಸ್ತಿ ಉದ್ಯೋಗಕ್ಕೂ ಪರವಾನಗಿ ಅವಶ್ಯ. ಪರವಾನಗಿಯಿಲ್ಲದೆ ದುರಸ್ತಿ ಮಾಡುವವರಿಗೆ, 2019ರ ತಿದ್ದುಪಡಿಯ ನಂತರ, ಕಲಂ 25ರಡಿ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾಗೃಹ ವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಆದ್ದರಿಂದ ಪಿಸ್ತೂಲನ್ನು ಊರಿನ ಕಮ್ಮಾರರು, ವೆಲ್ಡಿಂಗ್ ಅಂಗಡಿಯವರು ಅಥವಾ ಪರಿಚಯಸ್ಥರ ಕೈಗೆ ಕೊಡಬಾರದು. ಹೀಗೆ ಕೊಟ್ಟಲ್ಲಿ ಉಪಕಾರ ಮಾಡಲು ಬಂದವರೂ ಅಪರಾಧಿಯಾಗುತ್ತಾರೆ; ಅಧಿಕಾರವಿಲ್ಲದವರಿಗೆ ಆಯುಧ ಒಪ್ಪಿಸಿದ ಕಾರಣಕ್ಕೆ ಪರವಾನಗಿದಾರರ ಮೇಲೂ ಕಲಂ 29ರಡಿ ಕ್ರಮ ಜರುಗಬಹುದು. ಕಲಂ 17ರಡಿ ಪರವಾನಗಿ ಅಮಾನತು ಅಥವಾ ರದ್ದಾಗಲೂಬಹುದು.

ದುರಸ್ತಿಗೂ ಅನುಮತಿ ಪಡೆದಿರುವ ವಿತರಕರಲ್ಲಿ ಮೂಲ ಪರವಾನಗಿ ತೋರಿಸಿ, ಪಿಸ್ತೂಲಿನ ಕ್ರಮಸಂಖ್ಯೆ ನಮೂದಿಸಿದ ರಸೀತಿ ಪಡೆಯುವುದು. ದುರಸ್ತಿಯಾದ ಪಿಸ್ತೂಲನ್ನು ಹೊಲಗದ್ದೆಗಳಲ್ಲಿ ಹಾರಿಸಿ ಪರೀಕ್ಷಿಸಬಾರದು. ಇತರರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಗುಂಡು ಹಾರಿಸಿದಲ್ಲಿ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸಿಡಿಯದ ಕಾಡತೂಸುಗಳನ್ನು ಒಲೆ, ಬಾವಿ ಅಥವಾ ಕಸದ ತೊಟ್ಟಿಗೆ ಎಸೆಯದೆ ರೇಂಜ್ ಅಧಿಕಾರಿ ಅಥವಾ ವಿತರಕರ ಗಮನಕ್ಕೆ ತರತಕ್ಕದ್ದು.

5. ಸ್ಪರ್ಧಾಳುಗಳಿಗೆ

25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ದೋಷ ಉಂಟಾದಲ್ಲಿ ಪಿಸ್ತೂಲನ್ನು ಗುರಿಯ ದಿಕ್ಕಿನಲ್ಲಿ ಹಿಡಿದು, ಇನ್ನೊಂದು ಕೈಯೆತ್ತಿ ಅಧಿಕಾರಿಗೆ ಸೂಚಿಸಬೇಕು. ಅಧಿಕಾರಿ ಬರುವ ಮೊದಲೇ ಸ್ಲೈಡನ್ನು ಮುಟ್ಟಿದಲ್ಲಿ ವಿನಾಯಿತಿ ದೊರೆಯುವುದಿಲ್ಲ. ನಿಗದಿತ ಸಂಖ್ಯೆಗಿಂತ ಕಡಿಮೆ ಕಾಡತೂಸು ತುಂಬಿದ್ದಲ್ಲಿ ಅಥವಾ ಸೇಫ್ಟಿ ತೆಗೆಯದಿದ್ದಲ್ಲಿಯೂ ದೊರೆಯುವುದಿಲ್ಲ.

6. ಸಂಪರ್ಕ

ಆಯುಧ ಪರವಾನಗಿಯ ಪ್ರಾಧಿಕಾರಿ ವಿಜಯಪುರದ ಜಿಲ್ಲಾ ದಂಡಾಧಿಕಾರಿಗಳು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷಗಳು. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ದಂಡಾಧಿಕಾರಿಗಳ ಕಛೇರಿಯನ್ನು ಅಥವಾ ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ವಿಚಾರಿಸಲು ಬರುವಾಗ ಪರವಾನಗಿಯ ಪ್ರತಿಯನ್ನಷ್ಟೇ ತರುವುದು, ಪಿಸ್ತೂಲನ್ನು ತರಬಾರದು.