ಕಲ್ಲನ್ನು ಕಾಗದಕ್ಕೆ ಇಳಿಸಿದವರು

ಭೀಮೆಯ ನೀರುಂಡು ಬೆಳೆದ ನಮ್ಮ ಈ ಸೀಮೆಯಲ್ಲಿ ಹಳೆಯ ಕಲ್ಲಿಲ್ಲದ ಊರು ವಿರಳ. ಹನುಮಂತದೇವರ ಗುಡಿಯ ಮುಂದೊಂದು ವೀರಗಲ್ಲು, ಹೊಲದ ಬದುವಿನಲ್ಲಿ ಸೂರ್ಯಚಂದ್ರರನ್ನೂ ಆಕಳು ಕರುಗಳನ್ನೂ ಕೊರೆದ ದಾನದ ಕಲ್ಲು, ಹಾಳುಗುಡಿಯ ಬಾಗಿಲ ಮೇಲೆ ಅರ್ಧ ಸವೆದ ಗಜಲಕ್ಷ್ಮಿ, ಇವು ಯಾವ ಹಳ್ಳಿಗೆ ಹೋದರೂ ಕಣ್ಣಿಗೆ ಬೀಳುವ ಸಂಗತಿಗಳು. ಕಣ್ಣಿಗೆ ಬೀಳುತ್ತವೆಯೇ ಹೊರತು ಮನಸ್ಸಿಗೆ ಬೀಳುವುದಿಲ್ಲ. ದಿನವೂ ಕಾಣುವ ವಸ್ತುವನ್ನು ಯಾರೂ ನೋಡುವುದಿಲ್ಲವೆಂಬುದು ಲೋಕದ ರೂಢಿಯಷ್ಟೆ.

ಈ ರೂಢಿಗೆ ನಾವೂ ಹೊರತಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹೊಳೆಯ ಸಮೀಪದ ಒಂದು ಹಳ್ಳಿಗೆ ಹೋಗಿದ್ದಾಗ, ಬಾವಿಯ ಪಾವಟಿಗೆಗಳ ಬದಿಯಲ್ಲಿ ಒರಗಿದ್ದ ಒಂದು ಶಾಸನವನ್ನು ಕಂಡೆವು. ಇಪ್ಪತ್ತರಷ್ಟು ಸಾಲುಗಳಿದ್ದವು. ಮೊದಲ ಸಾಲಿನ ‘ಸ್ವಸ್ತಿ ಸಮಸ್ತ ಭುವನಾಶ್ರಯ’ ಎಂಬುದನ್ನು ಬೆರಳಿನಿಂದ ತಡವುತ್ತ ಓದಿ ಹುಡುಗರಿಗೆ ತೋರಿಸಿದೆವು. ಅವರು ಹಿಗ್ಗಿದರು, ನಾವೂ ಹಿಗ್ಗಿದೆವು. ಹೊತ್ತು ಮುಳುಗುತ್ತಿತ್ತು. ಮುಂದಿನ ರಜೆಯಲ್ಲಿ ಬಂದು ನಕಲು ಮಾಡಿಕೊಂಡರಾಯಿತೆಂದು ಮರಳಿದೆವು. ಆ ರಜೆ ಬಂದುದು ಎರಡು ವರ್ಷಗಳ ಮೇಲೆ. ಅಷ್ಟರಲ್ಲಿ ಬಾವಿಯನ್ನು ದುರಸ್ತಿ ಮಾಡಿದ್ದರು. ಕಲ್ಲು ಮೂರು ಹೋಳಾಗಿ ಯಾವುದೋ ಗೋಡೆಯ ಬುನಾದಿಯನ್ನು ಸೇರಿತ್ತು. ಒಡೆದವರಿಗೆ ಅದು ಬರಿಯ ಕಲ್ಲು. ಅದು ಕಲ್ಲಲ್ಲವೆಂದು ಬಲ್ಲವರು ನಾವು. ಬಲ್ಲವರಾಗಿಯೂ ಒಂದು ಹಾಳೆಯನ್ನು ವ್ಯಯಿಸಲಿಲ್ಲ. ಆ ಶಾಸನ ಯಾವ ಅರಸನ ಕಾಲದ್ದು, ಯಾರು ಯಾರಿಗೆ ಏನನ್ನು ಕೊಟ್ಟರು ಎಂಬುದನ್ನು ಇನ್ನು ಯಾರೂ ಹೇಳಲಾರರು. ಉಳಿದುದು ಆ ಮೂರು ಪದಗಳು, ಅವೂ ಚಾಲುಕ್ಯರ ನೂರಾರು ಶಾಸನಗಳಿಗೆ ಸಮಾನವಾದವು.

ಈ ಪಶ್ಚಾತ್ತಾಪವೇ ಪ್ರಸ್ತುತ ಲೇಖನಕ್ಕೆ ಕಾರಣ. ಕಲ್ಲು ಶಾಶ್ವತ, ಕಾಗದ ಕ್ಷಣಿಕ ಎಂದು ನಾವು ತಿಳಿದಿರುತ್ತೇವೆ. ಇತಿಹಾಸವು ಅನೇಕ ಕಡೆಗಳಲ್ಲಿ ಇದಕ್ಕೆ ವಿಪರೀತವಾದುದನ್ನೇ ತೋರಿಸಿಕೊಟ್ಟಿದೆ.

ಮೊದಲು ದೂರದ ದೃಷ್ಟಾಂತವೊಂದನ್ನು ನೋಡೋಣ. ಇಜಿಪ್ತ ದೇಶದ ಪಿರಮಿಡ್ಡುಗಳ ಹೆಸರನ್ನು ಕೇಳದ ಶಾಲಾಬಾಲಕನಿಲ್ಲ. 1798ರಲ್ಲಿ ನೆಪೋಲಿಯನ್ ಆ ದೇಶದ ಮೇಲೆ ದಂಡೆತ್ತಿ ಹೋದಾಗ ತೋಪು ಬಂದೂಕುಗಳ ಜೊತೆಗೆ ನೂರೈವತ್ತಕ್ಕೂ ಮಿಕ್ಕಿ ವಿದ್ವಾಂಸರನ್ನೂ ಚಿತ್ರಕಾರರನ್ನೂ ಕರೆದೊಯ್ದನು. ಯುದ್ಧದಲ್ಲಿ ಅವನಿಗೆ ಸೋಲಾಯಿತು. ಆದರೆ ಆ ಚಿತ್ರಕಾರರು ನೈಲ್ ನದಿಯ ಗುಂಟ ಗುಡಿಗುಡಿಯನ್ನೂ ಅಳೆದು ಬರೆದ ಚಿತ್ರಗಳು 1809ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಬೃಹತ್ ಸಂಪುಟಗಳಾಗಿ ಪ್ರಕಟವಾದವು. ಎಲಿಫೆಂಟೈನ್ ಎಂಬ ನಡುಗಡ್ಡೆಯಲ್ಲಿ ಮೂರನೆಯ ಅಮೆನ್‌ಹೋಟೆಪ್ ಎಂಬ ಅರಸನು ಕಟ್ಟಿಸಿದ ಚಿಕ್ಕದೊಂದು ಗುಡಿಯಿತ್ತು. ಮೂರು ಸಾವಿರ ವರ್ಷ ಬಾಳಿದ ಆ ಗುಡಿಯನ್ನು 1822ರ ಸುಮಾರಿಗೆ ಕಲ್ಲಿನ ಆಸೆಗಾಗಿ ಕೆಡವಿದರು. ಇಂದು ಅದರ ರೂಪವನ್ನು ನಾವು ಅರಿಯುವುದು ಆ ಚಿತ್ರಗಳಿಂದಲೇ. ಅದೇ 1822ರಲ್ಲಿ ಶಾಂಪೋಲಿಯನ್ ಎಂಬ ಪಂಡಿತನು ಇಜಿಪ್ತದ ಚಿತ್ರಲಿಪಿಯ ಗುಟ್ಟನ್ನು ಒಡೆದನು. ಅದಕ್ಕೆ ನೆರವಾದ ರೊಸೆಟ್ಟಾ ಶಿಲೆಯು ಆಗಲೇ ಲಂಡನ್ನಿಗೆ ಹೋಗಿತ್ತು. ಅವನು ದುಡಿದುದು ಅದರ ನಕಲುಗಳನ್ನು ಮುಂದಿಟ್ಟುಕೊಂಡು. ನಕಲು ಮಾಡಿದವನ ನಿಷ್ಠೆ ಓದಿದವನ ಪ್ರತಿಭೆಗೆ ಕಣ್ಣಾಯಿತು.

ಇಂಥ ಕಾರ್ಯವು ನಮ್ಮ ಕನ್ನಡ ನಾಡಿನಲ್ಲಿಯೂ ಅದೇ ಕಾಲದಲ್ಲಿ ಆರಂಭವಾಯಿತೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಸ್ಕಾಟ್ಲಂಡದ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಝಿ 1783ರಲ್ಲಿ ಕಂಪನಿಯ ಸೈನ್ಯಕ್ಕೆ ಸೇರಿ ಹಿಂದುಸ್ಥಾನಕ್ಕೆ ಬಂದನು. ಟೀಪು ಸುಲ್ತಾನನು 1799ರಲ್ಲಿ ಮಡಿದ ತರುವಾಯ ಮೈಸೂರು ಸೀಮೆಯ ಮೋಜಣಿ ಇವನ ಪಾಲಿಗೆ ಬಂದಿತು. ನೆಲವನ್ನು ಅಳೆಯಬೇಕಾದವನು ನೆಲದ ಮೇಲಿನ ಗುಡಿ, ಬಸದಿ, ಕೋಟೆ, ಶಾಸನಗಳನ್ನೂ ಬಿಡಲಿಲ್ಲ. ಇವನು ಸತ್ತ ಬಳಿಕ 1828ರಲ್ಲಿ ಹೊರಬಿದ್ದ ಯಾದಿಯಲ್ಲಿ 8,076 ಶಾಸನಗಳ ನಕಲುಗಳೂ 2,630 ಚಿತ್ರಗಳೂ 6,218 ನಾಣ್ಯಗಳೂ ಲೆಕ್ಕಕ್ಕೆ ಬಂದಿವೆ.

ಆದರೆ ಮೆಕೆಂಝಿಗೆ ನಮ್ಮ ದೇಶಭಾಷೆಗಳು ಬರುತ್ತಿರಲಿಲ್ಲ. ಹಾಗಾದರೆ ಇಷ್ಟನ್ನು ಓದಿದವರಾರು, ಬರೆದವರಾರು? ಕಾವಲಿ ವೆಂಕಟ ಬೋರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ, ಕನ್ನಡ ನಾಡಿನ ಮಟ್ಟಿಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇವರು ಅವನ ಕಣ್ಣು ಕಿವಿಗಳಾಗಿದ್ದರು. ಹಳಗನ್ನಡದ ಲಿಪಿಯನ್ನು ಬಿಡಿಸುವುದು ಧರ್ಮಯ್ಯನಂಥವರಿಗೆ ಮಾತ್ರ ಸಾಧ್ಯವಿತ್ತು. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೆಕೆಂಝಿಯ ಭಾವಚಿತ್ರವನ್ನು ಬರೆದನು. ಅದರಲ್ಲಿ ಕೆಂಪು ಕೋಟಿನ ಸಾಹೇಬನ ಸುತ್ತ ನಮ್ಮ ದೇಶದ ಮೂವರು ನಿಂತಿದ್ದಾರೆ. ದೂರದ ಬೆಟ್ಟದ ಮೇಲೆ ಗೊಮ್ಮಟನು ನಿಂತಿದ್ದಾನೆ. ಆ ಮೂವರಲ್ಲಿ ಧರ್ಮಯ್ಯನೂ ಒಬ್ಬನು. ದೊಡ್ಡವರ ಪಟದಲ್ಲಿ ಪಂಡಿತನಿಗೆ ದೊರೆತ ಈ ಎಡೆ ಸಾಮಾನ್ಯವಾದುದಲ್ಲ.

ಮೆಕೆಂಝಿಯ ಜೀವನದಲ್ಲಿಯೂ ನಮ್ಮ ಬಾವಿಯ ಕಲ್ಲಿನಂಥ ಪ್ರಸಂಗವೊಂದಿದೆ. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪವನ್ನು ಅವನು ಮೊದಲು ಕಂಡುದು 1797ರಲ್ಲಿ. ಮರಳಿ ಅಲ್ಲಿಗೆ ಹೋದುದು 1816ರಲ್ಲಿ. ನಡುವಿನ ವರ್ಷಗಳಲ್ಲಿ ಜನರು ದಿನ್ನೆಯನ್ನು ಅಗೆದು ಶಿಲಾಫಲಕಗಳನ್ನು ಕಟ್ಟಡಗಳಿಗೆ ಸಾಗಿಸಿದ್ದರು. ಉಳಿದುದನ್ನಾದರೂ ಕಾಯಬೇಕೆಂದು ಅವನು ತನ್ನ ಚಿತ್ರಕಾರರನ್ನು ಕೂರಿಸಿ ಒಂದೊಂದು ಫಲಕವನ್ನೂ ಬರೆಯಿಸಿದನು. ಅವುಗಳಲ್ಲಿ ಕೆಲವು ಫಲಕಗಳು ಮುಂದೆ ಕಾಣೆಯಾಗಿ ಚಿತ್ರಗಳಲ್ಲಿ ಮಾತ್ರ ಬದುಕಿವೆ.

ನಮ್ಮ ಉತ್ತರ ಭಾಗಕ್ಕೆ ಬಂದರೆ ವಾಲ್ಟರ್ ಎಲಿಯಟ್‌ನ ಹೆಸರು ಮುಂದೆ ನಿಲ್ಲುತ್ತದೆ. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ವೀರರು ಥ್ಯಾಕರೆಯನ್ನು ಕೊಂದು ಸೆರೆಹಿಡಿದ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಇವನೊಬ್ಬನು. ಸೆರೆಯಿಂದ ಬಿಡುಗಡೆಯಾದ ಈ ತರುಣನು ಮುಂದೆ ಧಾರವಾಡದ ಪ್ರಾಂತದಲ್ಲಿ ಇದ್ದು, ಪಂಡಿತರ ಸಹಾಯದಿಂದ 595 ಶಾಸನಗಳನ್ನು ನಕಲು ಮಾಡಿಸಿ ‘ಕರ್ಣಾಟಕ ದೇಶ’ದ ಶಾಸನಗಳೆಂಬ ಹೆಸರಿನಿಂದ ಎರಡು ಹಸ್ತಲಿಖಿತ ಸಂಪುಟಗಳನ್ನು ಸಿದ್ಧಪಡಿಸಿದನು. ಅವುಗಳ ಆಧಾರದಿಂದ 1837ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಚಾಲುಕ್ಯರ ವಂಶಾವಳಿ ಆಧುನಿಕ ಜಗತ್ತಿಗೆ ಮೊದಲ ಸಲ ತಕ್ಕಮಟ್ಟಿಗೆ ಸ್ಪಷ್ಟವಾಯಿತು. ಅವನ ಹಾದಿಯನ್ನು ಜೆ. ಎಫ್. ಫ್ಲೀಟ್ ವಿಸ್ತರಿಸಿದನು. 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದ ಈತನು ಕನ್ನಡವನ್ನು ಕಲಿತು, ಶಾಸನಗಳ ಜೊತೆಗೆ ನಮ್ಮ ಲಾವಣಿಗಳನ್ನೂ ಸಂಗ್ರಹಿಸಿದನು. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವನ ಗ್ರಂಥ 1882ರಲ್ಲಿ ಪ್ರಕಟವಾಯಿತು.

ಇನ್ನು ನಮ್ಮ ನೆರೆಯಲ್ಲಿಯೇ ಬಾಳಿದ ಒಬ್ಬನನ್ನು ನೆನೆಯಬೇಕು. ಆತನೇ ಮೆಡೋಸ್ ಟೇಲರ್. ನಿಜಾಮ ಸರಕಾರದ ಸೇವೆಯಲ್ಲಿದ್ದು 1841ರಿಂದ ಸುರಪುರದ ಆಡಳಿತವನ್ನು ನೋಡಿಕೊಂಡ ಈತನು, 1853ರಿಂದ 1857ರ ವರೆಗೆ ನಮ್ಮ ನಳದುರ್ಗದಲ್ಲಿ ಅಧಿಕಾರಿಯಾಗಿದ್ದನು. ಕಾದಂಬರಿಕಾರನೆಂದು ಹೆಸರಾದವನು, ಕೈಯಲ್ಲಿ ಕುಂಚವೂ ಇತ್ತು. ಸುರಪುರದ ಸೀಮೆಯಲ್ಲಿ, ಮತ್ತು ಇದೇ ಭೀಮೆಯ ತೀರದ ಜೇವರ್ಗಿಯಲ್ಲಿ, ದುಂಡಾಗಿ ಕಲ್ಲು ಜೋಡಿಸಿದ ಪುರಾತನ ಗೋರಿಗಳನ್ನು ಕಂಡು ಅವನು ಅಗೆಯಿಸಿದನು. ನಿಧಿಗಾಗಿ ಅಗೆಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಟೇಲರನು ಹಾಗೆ ಮಾಡಲಿಲ್ಲ. ಗೋರಿಯನ್ನು ಸೀಳಿದಾಗ ಕಂಡ ಮಣ್ಣಿನ ಪದರಗಳನ್ನೂ ಅಸ್ಥಿಗಳನ್ನೂ ಮಡಕೆಗಳನ್ನೂ ಅವು ಇದ್ದ ಎಡೆಯಲ್ಲಿಯೇ, ಇದ್ದ ಕ್ರಮದಲ್ಲಿಯೇ ಚಿತ್ರಿಸಿದನು. ಈ ಗೋರಿಗಳು ಯುರೋಪದ ಪ್ರಾಚೀನ ಜನರಿಗೂ ಸಿಥಿಯನ್ನರಿಗೂ ಸಂಬಂಧಪಟ್ಟವೆಂದು ಅವನು ಊಹಿಸಿದನು. ಆ ಊಹೆ ನಿಲ್ಲಲಿಲ್ಲ. ಇವು ನಮ್ಮ ದಕ್ಷಿಣ ದೇಶದ ಕಬ್ಬಿಣ ಯುಗದವೆಂದು ಈಗ ತಿಳಿದಿದೆ. ಆದರೆ ಚಿತ್ರಗಳು ನಿಂತವು. ಸುಮಾರು ನೂರು ವರ್ಷಗಳ ಮೇಲೆ ಪ್ರಾಕ್ತನಶಾಸ್ತ್ರದಲ್ಲಿ ಆಚಾರ್ಯನೆನಿಸಿದ ಸರ್ ಮಾರ್ಟಿಮರ್ ವ್ಹೀಲರನು ಅವನ್ನು ಎತ್ತಿ ಕೊಂಡಾಡಿದನು. ಇದರಲ್ಲಿ ನಮಗೊಂದು ಪಾಠವಿದೆ: ನಮ್ಮ ಅಭಿಪ್ರಾಯ ನಾಳೆ ಹುಸಿಯಾಗಬಹುದು, ಕಂಡುದನ್ನು ಕಂಡಂತೆ ಬರೆದ ಗೆರೆ ಹುಸಿಯಾಗದು.

ಪರದೇಶದವರನ್ನೇ ಹೊಗಳಿ ಮುಗಿಸಿದರೆ ಅನ್ಯಾಯವಾದೀತು. ಸೋಲಾಪುರದ ಆನಂದ ಕುಂಭಾರರು ಈ ಜಿಲ್ಲೆಯ ಹಳ್ಳಿಹಳ್ಳಿಗಳನ್ನು ತಿರುಗಿ ಶಾಸನಗಳನ್ನು ಹುಡುಕಿದರು. ಅವರೂ ಧಾರವಾಡದ ಡಾ. ಶ್ರೀನಿವಾಸ ರಿತ್ತಿಯವರೂ ಕೂಡಿ ಸಂಪಾದಿಸಿದ ಸೋಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಬೆಳಕು ಕಂಡಿತು. ಶರಣ ಸಿದ್ಧರಾಮನ ಸೊನ್ನಲಿಗೆಯ ನೆಲದಲ್ಲಿ ಕನ್ನಡವು ಎಷ್ಟು ಆಳಕ್ಕೆ ಬೇರುಬಿಟ್ಟಿತ್ತೆಂಬುದನ್ನು ತಿಳಿಯಬೇಕಾದವರು ವಾದ ಮಾಡಬೇಕಾಗಿಲ್ಲ, ಆ ಸಂಪುಟವನ್ನು ತೆರೆದರೆ ಸಾಕು.

ನಮ್ಮ ತಾಲೂಕಿನಲ್ಲಿಯೇ ಸೀನಾ ನದಿಯು ಭೀಮೆಯನ್ನು ಕೂಡುವ ಹತ್ತರಸಂಗ ಕೂಡಲವಿದೆ. ‘ಕೂಡಲ’ವೆಂಬ ಹೆಸರೇ ಕನ್ನಡ. ಅಲ್ಲಿಯ ಸಂಗಮೇಶ್ವರನ ಗುಡಿಯಲ್ಲಿ ಶಕ 940, ಎಂದರೆ ಕ್ರಿ. ಶ. 1018ರ ಬರಹವೊಂದು ದೊರೆತಿದೆ. ಅದು ಮರಾಠಿಯ ಅತಿ ಪ್ರಾಚೀನ ಬರಹಗಳಲ್ಲೊಂದೆಂದು ಮನ್ನಣೆ ಪಡೆದಿದೆ. ಅದನ್ನು ಬೆಳಕಿಗೆ ತಂದವರೂ ಕುಂಭಾರರೇ. ಕನ್ನಡ ಶಾಸನಗಳನ್ನು ಸಂಪಾದಿಸಿದ ಕೈಯೇ ಮರಾಠಿಯ ಹಿರಿಮೆಯನ್ನೂ ಎತ್ತಿ ತೋರಿಸಿತು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ ತಮಿಳುಗಳೊಡನೆ, ಮರಾಠಿಯೆಂದು ವಿದ್ವಾಂಸರು ಬಹುಕಾಲದಿಂದ ಓದುತ್ತ ಬಂದಿರುವ ಬರಹವೂ ಇರುವುದನ್ನು ಇಲ್ಲಿ ನೆನೆಯಬಹುದು. ಕನ್ನಡದ ನೆಲ ಅದನ್ನು ಅಳಿಸಲಿಲ್ಲ. ನಕಲು ಮಾಡುವವನು ತನ್ನ ಭಾಷೆಗೆ ಪ್ರಿಯವಾದುದನ್ನು ಬರೆದು ಅಪ್ರಿಯವಾದುದನ್ನು ಬಿಟ್ಟರೆ, ಅವನು ಎರಡು ಭಾಷೆಗಳಿಗೂ ದ್ರೋಹ ಮಾಡಿದಂತೆ. ಗಡಿಯಲ್ಲಿ ಬಾಳುವ ನಮಗೆ ಈ ಎಚ್ಚರ ಒಂದು ಗುಂಜಿಯಷ್ಟು ಹೆಚ್ಚಾಗಿಯೇ ಇರಬೇಕು.

ಈ ಕಾರ್ಯಕ್ಕೆ ದೊಡ್ಡ ಪಾಂಡಿತ್ಯ ಬೇಕೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಒಂದು ವಹಿ, ಒಂದು ಸೀಸಕಡ್ಡಿ, ಒಂದು ಅಳತೆಪಟ್ಟಿ ಇದ್ದರೆ ಆಯಿತು. ಊರ ಹೆಸರು, ಕಲ್ಲು ಇರುವ ಸ್ಥಳ, ಅದರ ಮುಖ ಯಾವ ದಿಕ್ಕಿಗಿದೆ, ಎತ್ತರ ಅಗಲಗಳೆಷ್ಟು, ಸಾಲುಗಳೆಷ್ಟು, ಮೇಲಿನಿಂದ ಕೆಳಕ್ಕೆ ಯಾವ ಚಿತ್ರಗಳಿವೆ, ಕಂಡ ದಿನಾಂಕವೇನು, ಹಿರಿಯರು ಅದನ್ನು ಕುರಿತು ಹೇಳುವ ಕಥೆಯೇನು, ಇಷ್ಟನ್ನು ಬರೆಯಬೇಕು. ಬಳಿಕ ಕಲ್ಲಿನ ಚಿತ್ರವನ್ನು ಕೈಯಿಂದ ಬಿಡಿಸಬೇಕು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ. ಅದರಿಂದ ಫೋಟೋ ತೆಗೆಯುವುದು ಉಚಿತವೇ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರಗಳೂ ನೆರಳು ಹಿಡಿದು ಎದ್ದು ಕಾಣುತ್ತವೆ. ಆದರೂ ಚಿತ್ರ ಬಿಡಿಸುವುದನ್ನು ಬಿಡಬಾರದು. ಬಿಡಿಸಲು ಕುಳಿತವನು ಅನಿವಾರ್ಯವಾಗಿ ನೋಡುತ್ತಾನೆ.

ಅಕ್ಷರಗಳನ್ನು ನಕಲು ಮಾಡುವಾಗ ಕಂಡ ಆಕಾರವನ್ನೇ ಬರೆಯಬೇಕು. ಹಳಗನ್ನಡದ ಱ, ೞ ಅಕ್ಷರಗಳನ್ನು ತಿದ್ದಿ ರ, ಳ ಮಾಡಬಾರದು. ಅವುಗಳಿಂದಲೇ ವಿದ್ವಾಂಸರು ಕಾಲವನ್ನು ನಿರ್ಣಯಿಸಲು ಸಹಾಯ ಪಡೆಯುತ್ತಾರೆ. ಅಳಿಸಿಹೋದ ಕಡೆಯಲ್ಲಿ ಚುಕ್ಕಿಗಳನ್ನು ಇಡಬೇಕು, ಊಹೆಯಿಂದ ತುಂಬಬಾರದು. ಕಲ್ಲನ್ನು ಕಬ್ಬಿಣದಿಂದ ಕೆರೆಯುವುದು, ಸುಣ್ಣ ಬಣ್ಣಗಳನ್ನು ಬಳಿಯುವುದು ಸಲ್ಲದು. ಭಕ್ತಿಯಿಂದ ಬಳಿದ ಬಣ್ಣವೂ ಅಕ್ಷರಗಳನ್ನು ಮುಚ್ಚುತ್ತದೆ. ಒದ್ದೆಯ ಕಾಗದವನ್ನು ಕಲ್ಲಿಗೆ ಹಚ್ಚಿ ಕುಂಚದಿಂದ ತಟ್ಟಿ, ಆರಿದ ಮೇಲೆ ಮಸಿಯ ಉಂಡೆಯನ್ನೊತ್ತಿ ಪಡಿಯಚ್ಚು ತೆಗೆಯುವ ವಿಧಾನವನ್ನು ಬಲ್ಲವರಿಂದಲೇ ಮಾಡಿಸಬೇಕು. ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ಶಾಖೆಗೆ ಬರೆದು ತಿಳಿಸುವುದು ನಮ್ಮೆಲ್ಲರ ಕೈಲಾಗುವ ಕೆಲಸ.

ನಮ್ಮ ಶಾಲೆಯ ಹುಡುಗರು ಈಗ ಒಂದು ವಹಿಯನ್ನು ಇಟ್ಟಿದ್ದಾರೆ. ಅದರ ಮೊದಲ ಪುಟದಲ್ಲಿ ಒಡೆದುಹೋದ ಆ ಬಾವಿಯ ಕಲ್ಲಿನ ಊರನ್ನೂ ಸ್ಥಳವನ್ನೂ ಬರೆದು, ಉಳಿದ ಮೂರು ಪದಗಳನ್ನು ಬರೆಯಿಸಿ, ಕೆಳಗೆ ಚುಕ್ಕಿಗಳನ್ನು ಇಡಿಸಿದ್ದೇವೆ. ಚುಕ್ಕಿಗಳು ಹತ್ತೊಂಬತ್ತು ಸಾಲು ಇವೆ. ಎರಡನೆಯ ಪುಟದಿಂದ ಕಲ್ಲುಗಳಿವೆ. ಈ ಸಂಚಿಕೆಯನ್ನು ಓದುವ ಪ್ರತಿಯೊಂದು ಮನೆಯವರೂ ತಮ್ಮ ಊರಿನ ಒಂದು ಕಲ್ಲನ್ನು ಈ ಬೇಸಿಗೆಯಲ್ಲಿಯೇ ಬರೆದಿಡಲಿ. ಮುಂದಿನ ರಜೆಗೆಂದು ಇಡದಿರಲಿ ಎಂಬುದೇ ನಮ್ಮ ಬಿನ್ನಹ.